ಮಾಮನ ಮಸಿ

ಮನೆಯ ಹಿಂದಿನ ಮಂಜುಗಡ್ಡೆ ಕಾರ್ಖಾನೆಯಲ್ಲಿ ಬೆಳಕು ಹರಿಯುವ ಮುಂಚೆಯೇ ಹಲಗೆಯ ಇಳಿಜಾರಿನ ಮೇಲೆ ಗಡ್ಡೆಗಳನ್ನು ಜಾರಿಬಿಡುತ್ತಿದ್ದರು. ಮೊದಲು ಸರ್ರೆಂದು ಉದ್ದನೆಯ ಒಂದು ಶಬ್ದ. ಆಮೇಲೆ ಚೂರು ಹೊತ್ತು ಏನೂ ಇಲ್ಲ. ಆಮೇಲೆ ಲಾರಿಯ ತಳಕ್ಕೆ ದಡ್. ಎಷ್ಟೋ ವರ್ಷ ಆ ಶಬ್ದವೇ ಅಚ್ಚಿನ ಮಾಮನನ್ನು ಎಬ್ಬಿಸುತ್ತಿತ್ತು. ಈಚೆಗೆ ಹಾಗಿರಲಿಲ್ಲ. ಮೊದಲ ಗಡ್ಡೆ ಜಾರುವ ಹೊತ್ತಿಗೆ ಅವನು ಬಚ್ಚಲಿಗೆ ಹೋಗಿ ಬಂದು, ಮಲಗಿ, ಮತ್ತೆ ಹೋಗಿ ಬಂದು, ಇನ್ನು ಮಲಗಿ ಪ್ರಯೋಜನವಿಲ್ಲವೆಂದು ಗೋಡೆಗೆ ಒರಗಿ ಕೂತಿರುತ್ತಿದ್ದ.

"ಏನ್ರೀ, ಬಚ್ಚಲಲ್ಲೇ ಹಾಸಿಗೆ ಹಾಸಿಕೊಡ್ಲಾ?" ಎಂದಳು ಹೆಂಡತಿ, ಆ ಕಡೆ ಮುಖ ಮಾಡಿ ಮಲಗಿಕೊಂಡೇ.

"ಸಂಜೆ ನೀರು ಜಾಸ್ತಿ ಆಯ್ತು ಕಣೆ."

"ಸಂಜೆ ನೀವು ಒಂದು ಲೋಟನೂ ಮುಟ್ಟಲಿಲ್ಲ. ನಾನೇನು ಕಣ್ಣು ಮುಚ್ಕೊಂಡು ಕೂತಿರ್ತೀನಾ? ಭಾವನೂ ಹೀಗೇ ಹೇಳ್ತಿದ್ರು."

ಭಾವ ಎಂಬ ಮಾತು ಮನೆಯಲ್ಲಿ ಬಂದಾಗಲೆಲ್ಲ ಹೀಗೇ ಆಗುತ್ತಿತ್ತು. ಯಾರೋ ಬಾಗಿಲು ತೆರೆದು ಒಳಗೆ ಬಂದು ನಿಂತ ಹಾಗೆ.

ಭಾವ ಅಂದರೆ ಮಾಮನ ಅಣ್ಣ. ಮನೆಗಳಿಗೆ ಬಣ್ಣ ಬಳಿಯುವ ಕೆಲಸ. ಏಣಿಯ ಮೇಲೆ ನಿಂತು ತಲೆ ಹಿಂದಕ್ಕೆ ಚೆಲ್ಲಿ ಇಡೀ ದಿನ ಸೂರಿಗೆ ಬಣ್ಣ ಹೊಡೆದರೂ ಕತ್ತು ನೋಯಿತು ಎಂದವನಲ್ಲ. ಒಮ್ಮೆ ರಕ್ತ ಪರೀಕ್ಷೆಯಲ್ಲಿ ಏನೋ ಏರುಪೇರು ಕಂಡಿತೆಂದು ಮೂತ್ರಕೋಶದ ಕೆಳಗಿನ ಪ್ರಾಸ್ಟೇಟ್ ಗ್ರಂಥಿಗೆ ಸೂಜಿ ಹಾಕಿ ಅಲ್ಲಲ್ಲಿ ಚೂರು ತೆಗೆದು ನೋಡಿದರು. ಯಾವ ಚೂರಿನಲ್ಲೂ ಏನೂ ಸಿಗಲಿಲ್ಲ. "ಏನೂ ಇಲ್ವಂತೆ ಕಣೋ!" ಎಂದು ಅಣ್ಣ ಬೇಕರಿಯ ಬಾಗಿಲಿಗೇ ಬಂದು ಕೂಗಿದ್ದ. ಆಗ ಮಾಮ ಬೇಕರಿಯಲ್ಲಿ ಕೆಲಸಕ್ಕಿದ್ದ. ಆ ದಿನ ಇಬ್ಬರೂ ಸೇರಿ ಬೀದಿಯವರಿಗೆಲ್ಲ ಕೇಕು ಹಂಚಿದರು. ಗಂಟು ಇದ್ದದ್ದು ಸೂಜಿ ಹೋದ ಜಾಗಗಳ ಮಧ್ಯೆ. ಅದು ಗೊತ್ತಾಗುವಾಗ ಬೆನ್ನುಮೂಳೆಗೆ ಇಳಿದಾಗಿತ್ತು. ಕೊನೆಗೆ ಅಣ್ಣ ಮಲಗಿದಲ್ಲಿಂದಲೇ ಸೂರು ನೋಡುತ್ತ, "ಮೂಲೆಯಲ್ಲಿ ಬಣ್ಣ ಸರಿಯಾಗಿ ಕೂತಿಲ್ಲ ನೋಡೋ" ಅನ್ನುತ್ತಿದ್ದ. ಬೆರಳು ಮಾಡಿ ತೋರಿಸಲು ಕೈ ಮೇಲಕ್ಕೆ ಬರುತ್ತಿರಲಿಲ್ಲ.

ಬೇಕರಿ ಮುಚ್ಚಿದ ಮೇಲೆ ಮಾಮನಿಗೆ ಸಿಕ್ಕ ಕೆಲಸ ವಿಚಿತ್ರದ್ದು. ಆಸ್ಪತ್ರೆಯ ಹಿಂಭಾಗದಲ್ಲಿ ಒಂದು ಪ್ರಯೋಗಶಾಲೆ. ಅಲ್ಲಿ ಎಂಜಿನಿಯರ್ ಹುಡುಗಿಯೊಬ್ಬಳು ಕೂದಲು ಗಂಟು ಹಾಕಿಕೊಂಡು, ಊಟ ಮರೆತು, ಒಂದು ಯಂತ್ರ ಕಟ್ಟುತ್ತಿದ್ದಳು. ಯಂತ್ರವನ್ನು ಮನುಷ್ಯರ ಮೇಲೆ ಪ್ರಯೋಗಿಸುವ ಮುಂಚೆ ಮನುಷ್ಯರ ಮಾಂಸದ ಹಾಗಿರುವ ಮಾದರಿಗಳು ಬೇಕಿದ್ದವು. ಜೆಲಟಿನ್ ಕಾಯಿಸಿ, ಹದ ನೋಡಿ, ಗುಳ್ಳೆ ಏಳದಂತೆ ಅಚ್ಚಿಗೆ ಹೊಯ್ಯುವವರು ಬೇಕಿತ್ತು. ಬೇಕರಿಯಲ್ಲಿ ಜೆಲ್ಲಿ ಮಾಡಿದ ಕೈ ಅದು, ಬೇಗ ಹೊಂದಿಕೊಂಡಿತು. ಅಕ್ರೋಟು ಗಾತ್ರದ ಅಚ್ಚು, ಅದರ ಸುತ್ತ ದೊಡ್ಡ ಅಚ್ಚು. ಒಳಗಿನದು ಗ್ರಂಥಿ, ಹೊರಗಿನದು ಮೈ. ಬಂದ ಹೊಸದರಲ್ಲೇ ಅವಳು ಅವನನ್ನು ಅಚ್ಚಿನ ಮಾಮ ಎಂದು ಕರೆದಳು. ಆ ಹೆಸರು ಮನೆಯವರೆಗೂ ಬಂತು.

ಯಂತ್ರ ಏನು ಮಾಡುತ್ತದೆಂದು ಅವಳೇ ಒಮ್ಮೆ ಬಿಡಿಸಿ ಹೇಳಿದ್ದಳು.

"ಬೆರಳು ದಪ್ಪದ ಈ ಪ್ರೋಬ್ ಇದೆಯಲ್ಲ ಮಾಮ, ಇದರ ತುದಿಯಿಂದ ಬೆಳಕು ಮಿಂಚುತ್ತೆ. ರಕ್ತ ಬೆಳಕನ್ನ ನುಂಗುತ್ತೆ. ನುಂಗಿದ ಕೂಡಲೇ ಒಂಚೂರು ಬಿಸಿಯಾಗಿ ಉಬ್ಬುತ್ತೆ. ಉಬ್ಬಿದಾಗ ಒಂದು ಸದ್ದು ಹುಟ್ಟುತ್ತೆ. ನಮ್ಮ ಕಿವಿಗೆ ಕೇಳಲ್ಲ, ಪ್ರೋಬಿಗೆ ಕೇಳುತ್ತೆ. ಕೆಟ್ಟ ಗಂಟು ಇರೋ ಕಡೆ ರಕ್ತನಾಳ ಜಾಸ್ತಿ, ಅಲ್ಲಿ ಸದ್ದೂ ಜಾಸ್ತಿ."

"ಅಂದ್ರೆ ಬೆಳಕು ಹೊಡೆದ್ರೆ ರಕ್ತ ಕಿರುಚುತ್ತೆ ಅನ್ನು."

"ಕಿರುಚಲ್ಲ ಮಾಮ. ಪಿಸುಗುಡುತ್ತೆ."

ಮಾಮ ಆ ಮಾತನ್ನು ಮನೆಗೆ ಒಯ್ದು ಹೆಂಡತಿಗೆ ಹೇಳಿದ. ಅವಳು ಹೊಲಿಗೆ ಯಂತ್ರ ನಿಲ್ಲಿಸಿ, "ಆವಾಗ ಇದ್ದಿದ್ರೆ ಭಾವನಿಗೆ ಎಲ್ಲಿ ಚುಚ್ಚಬೇಕು ಅಂತ ಗೊತ್ತಾಗ್ತಿತ್ತು" ಎಂದಳು. ಮತ್ತೆ ಯಂತ್ರ ತುಳಿದಳು.

ಪ್ರಯೋಗಶಾಲೆಯಲ್ಲಿ ಇಬ್ಬರದೇ ಒಂದು ಕ್ರಮವಿತ್ತು. ಮಾಮ ಮಸಿಯಲ್ಲಿ ಅದ್ದಿದ ಜೆಲ್ಲಿಯ ಕಾಳನ್ನು ಗ್ರಂಥಿಯೊಳಗೆ ಎಲ್ಲೋ ಬಚ್ಚಿಡಬೇಕು. ಮಸಿಯೇ ಅಲ್ಲಿ ರಕ್ತದ ಬದಲಿ. ಎಲ್ಲಿಟ್ಟೆ ಎಂದು ಬಾಯಿ ಬಿಡಬಾರದು. ಅವಳು ಯಂತ್ರದಿಂದ ಹುಡುಕಿ, "ಬಲಗಡೆ, ಮೇಲೆ, ಅಂಚಿನ ಹತ್ತಿರ" ಎಂದು ಜಾಗ ಹೇಳಬೇಕು. ಹೇಳಿದ ಮೇಲೆಯೇ ಮಾಮ ಚಾಕು ತೆಗೆದು ಕೊಯ್ದು ತೋರಿಸುವುದು. ಅವಳು ಹೇಳುವ ತನಕ ಜೆಲ್ಲಿಗೆ ಯಾರೂ ಚಾಕು ಹಾಕುವಂತಿಲ್ಲ. ಸರಿಯಾದರೆ ಅವಳು ಚಪ್ಪಾಳೆ ಹೊಡೆಯುವಳು. ತಪ್ಪಾದರೆ ಮಾಮನೇ ಬೇಜಾರು ಮಾಡಿಕೊಂಡು, "ಸ್ವಲ್ಪ ಆಳಕ್ಕಿಟ್ಟುಬಿಟ್ಟೆ ಕಣಮ್ಮ, ನನ್ನದೇ ತಪ್ಪು" ಅನ್ನುವನು.

ಒಂದು ತಾಪತ್ರಯ ಮಾತ್ರ ಹೋಗಲೇ ಇಲ್ಲ. ಜೆಲ್ಲಿಯಿಂದ ಮಸಿ ಒಸರಿ ಪ್ರೋಬಿನ ಗಾಜಿಗೆ ಹತ್ತಿಕೊಳ್ಳುತ್ತಿತ್ತು. ಗಾಜಿನ ಮೇಲೆ ಕೂತರೆ ಪ್ರೋಬಿಗೆ ಹೊಸ ರಬ್ಬರ್ ಕವರು ಹಾಕಿದರೂ ಪ್ರಯೋಜನವಿಲ್ಲ. ಆ ಕಲೆಯೇ ಸದ್ದು ಮಾಡಿ, ಪ್ರತಿಧ್ವನಿಯಾಗಿ, ಪರದೆಯಲ್ಲಿ ಇಲ್ಲದ ಕಡೆ ಇಲ್ಲದ ಗಂಟು ಹೊಳೆಯುತ್ತಿತ್ತು. ಎಷ್ಟೋ ಸಲ ಹೀಗಾಗಿ ಅದಕ್ಕೊಂದು ಹೆಸರೇ ಬಿದ್ದಿತ್ತು: ಮಾಮನ ಮಸಿ. ಪರದೆಯಲ್ಲಿ ಅರ್ಥವಾಗದ್ದು ಏನು ಕಂಡರೂ ಎಲ್ಲರೂ ನಕ್ಕು, ಮಾಮನ ಮಸಿ, ತೊಳೀರಿ ಅನ್ನುತ್ತಿದ್ದರು. ಪ್ರೋಬ್ ತೊಳೆಯುವುದು ಮಾಮನ ಪಾಲಿಗೆ ಬಿದ್ದದ್ದೂ ಹಾಗೆಯೇ. ಅವನು ಅದನ್ನು ಎಳೆಮಗುವಿಗೆ ಸ್ನಾನ ಮಾಡಿಸಿದ ಹಾಗೆ ತೊಳೆದು, ಬೆಳಕಿಗೆ ಹಿಡಿದು ನೋಡಿ, ಮತ್ತೆ ತೊಳೆಯುತ್ತಿದ್ದ.

ಯಂತ್ರ ನೋಡಲು ಸಮಿತಿಯವರು ಬರುವ ದಿನ ಬಂತು. ಮುಂದೆ ರೋಗಿಗಳ ಮೇಲೆ ಇದನ್ನು ಬಳಸಬಹುದೋ ಇಲ್ಲವೋ ಎಂದು ಹೇಳುವವರು ಅವರೇ. ಬೆಳಿಗ್ಗೆ ಜೆಲ್ಲಿಯ ಪರೀಕ್ಷೆ ಚೆನ್ನಾಗಿಯೇ ನಡೆಯಿತು. ಅದಾದ ಮೇಲೆ ಆರೋಗ್ಯವಂತ ಗಂಡಸೊಬ್ಬ ಯಂತ್ರದ ಕೆಳಗೆ ಮಲಗಬೇಕಿತ್ತು. ಒಪ್ಪಿದ್ದ ಮನುಷ್ಯ ಬರಲೇ ಇಲ್ಲ. ಫೋನೂ ಎತ್ತಲಿಲ್ಲ. ಪಕ್ಕದ ಕೋಣೆಯಲ್ಲಿ ಸಮಿತಿಯವರು ಕೆಮ್ಮುವುದು, ಕುರ್ಚಿ ಎಳೆಯುವುದು ಕೇಳುತ್ತಿತ್ತು. ಹುಡುಗಿ ಉಗುರು ಕಚ್ಚುತ್ತ ನಿಂತಿದ್ದಳು.

"ನಾನೇ ಮಲಗ್ತೀನಿ ಬಿಡಮ್ಮ," ಎಂದ ಮಾಮ.

"ಮಾಮ, ಅದು ಹಾಗಲ್ಲ... ಪ್ರೋಬ್ ಎಲ್ಲಿಗೆ ಹಾಕ್ತಾರೆ ಅಂತ ಗೊತ್ತಲ್ಲ ನಿಮಗೆ?"

"ದಿನಾ ತೊಳೆಯೋನು ನಾನು. ಗೊತ್ತಿಲ್ದೆ ಇರುತ್ತಾ?"

ಅವಳಿಗೆ ನಗು ಬಂತು, ಕಣ್ಣೂ ತುಂಬಿತು. ಪರೀಕ್ಷೆ ನಡೆಸಲು ಬಂದಿದ್ದ ಆಸ್ಪತ್ರೆಯ ಡಾಕ್ಟರು ಮಾಮನನ್ನು ಕೂರಿಸಿ ಎಲ್ಲ ವಿವರಿಸಿ, ಬೇಡ ಅನಿಸಿದರೆ ಯಾವಾಗ ಬೇಕಾದರೂ ಏಳಬಹುದು ಎಂದರು. ಅವನು ಏಳುವವನಲ್ಲ. ಅವಳಿಗೆ ಉಪಕಾರ ಮಾಡಲೆಂದೇ ಅವನು ಒಪ್ಪಿದ್ದು ಎಂದು ಅವರೆಲ್ಲ ತಿಳಿದುಕೊಂಡರು. ಅದು ಪೂರ್ತಿ ಸುಳ್ಳೂ ಅಲ್ಲ. ಆದರೆ ಅವನ ಮನಸ್ಸಿನ ಮೂಲೆಯಲ್ಲಿ ಬೇರೊಂದು ಆಸೆ ಕೂತಿತ್ತು. ಸೂಜಿಯಿಲ್ಲದೆ, ಚೀಟಿ ಬರೆಸದೆ, ಹೆಂಡತಿಗೆ ಹೇಳದೆ, ಆ ಹುಡುಗಿಯ ಬಾಯಿಂದಲೇ ಒಂದು ಮಾತು ಕೇಳಿಬಿಡಬೇಕು: ಏನೂ ಇಲ್ಲ ಮಾಮ.

ಪ್ರೋಬನ್ನು ಆ ದಿನ ತೊಳೆದವನು ಅವನೇ. ಬಿಸಿನೀರಿನಲ್ಲಿ ಒಮ್ಮೆ, ಸ್ಪಿರಿಟ್ಟಿನಲ್ಲಿ ಒಮ್ಮೆ. ಕಿಟಕಿಯ ಬೆಳಕಿಗೆ ಹಿಡಿದು ನೋಡಿದ. ಗಾಜು ಕಣ್ಣೀರಿನಷ್ಟು ತಿಳಿಯಾಗಿತ್ತು. ತನ್ನ ಮೈಯೊಳಗೆ ಹೋಗುವಂಥದ್ದನ್ನು ತಾನೇ ತೊಳೆಯುತ್ತಿದ್ದೇನಲ್ಲ ಎಂದು ಇನ್ನೊಮ್ಮೆ ಒರೆಸಿದ.

ಎಡ ಮಗ್ಗುಲಿಗೆ ಮಲಗಿಸಿ ಮಂಡಿ ಮಡಚಲು ಹೇಳಿದರು. ಕಣ್ಣಿಗೆ ದಪ್ಪ ಕನ್ನಡಕ ಹಾಕಿದರು. ಹುಡುಗಿ ಅವನ ಬೆನ್ನ ಹಿಂದೆ, ಯಂತ್ರದ ಪರದೆಯ ಮುಂದೆ. ಡಾಕ್ಟರು ಮೆತ್ತಗೆ, "ಉಸಿರು ಬಿಡಿ" ಎಂದರು. ಮಾಮನ ಮುಖದ ಎದುರಿಗೆ ಉಕ್ಕಿನ ಬೀರು. ಕನ್ನಡಕದ ಹಸಿರಿನಲ್ಲಿ ಅದರ ಬಾಗಿಲು ಕೆರೆಯ ತಳದ ಹಾಗಿತ್ತು. ಯಂತ್ರ ಟಿಕ್ ಟಿಕ್ ಎನ್ನತೊಡಗಿತು. ಒಂದೊಂದು ಟಿಕ್ಕಿಗೂ ತನ್ನೊಳಗೆ ಬೆಳಕು ಮಿಂಚುತ್ತಿದೆ ಎಂದು ಅವನಿಗೆ ಗೊತ್ತು. ಒಳಗೆ ಯಾರೂ ಕಂಡಿರದ ಕತ್ತಲು. ಆ ಕತ್ತಲಲ್ಲಿ ರಕ್ತ ಏನೋ ಪಿಸುಗುಡುತ್ತಿದೆ, ಅವನಿಗಲ್ಲ, ಬೇರೆಯವರಿಗೆ.

ಬೀರುವಿನ ಬಾಗಿಲಲ್ಲಿ ಯಂತ್ರದ ಪರದೆ ಮಸುಕಾಗಿ ಮೂಡಿತ್ತು. ಬೂದು ಬಣ್ಣದ ಉಂಡೆ. ಡಾಕ್ಟರು ಪ್ರೋಬನ್ನು ನಿಧಾನ ತಿರುಗಿಸಿದರು. ಉಂಡೆಯ ಒಂದು ಮಗ್ಗುಲಲ್ಲಿ ಬೇರೆ ಎಲ್ಲಕ್ಕಿಂತ ಪ್ರಖರವಾದ ಒಂದು ಚುಕ್ಕೆ ಎದ್ದು, ಹಿಗ್ಗಿ, ಕುಗ್ಗಿ, ಹೋಯಿತು. ತಿರುಗಿಸಿದಾಗ ಮತ್ತೆ ಬಂತು.

ಪಕ್ಕದ ಕೋಣೆಯಲ್ಲೂ ಅದೇ ಚಿತ್ರ ಕಾಣುತ್ತಿತ್ತು. ಅಲ್ಲಿಂದ ಒಬ್ಬರ ದನಿ, "ಅದೇನು ಅಲ್ಲಿ ಹೊಳೀತಿರೋದು?" ಎಂದು ಕೇಳಿತು.

ಹುಡುಗಿ ಪರದೆಗೆ ಬಗ್ಗಿ ನೋಡಿದಳು. ಆಮೇಲೆ ಉಸಿರು ಸಡಿಲಬಿಟ್ಟು ನಕ್ಕಳು. "ಅಯ್ಯೋ, ಅದು ಮಾಮನ ಮಸಿ! ಬೆಳಿಗ್ಗೆ ಮಾದರಿ ಪರೀಕ್ಷೆ ಮಾಡಿದ್ವಲ್ಲ, ಮಸಿ ಉಳಿದಿರಬೇಕು. ಮಾಮ, ತೊಳೆದಿದ್ರಾ?"

ಹೌದು ಎಂದರೆ ಆ ಚುಕ್ಕೆ ಅವನದಾಗುತ್ತದೆ. ಇಲ್ಲ ಎಂದರೆ ಅದು ಮಸಿಯದಾಗುತ್ತದೆ.

"ಅವಸರದಲ್ಲಿ... ಸರಿಯಾಗಿ ತೊಳೆದಿರಲಿಲ್ಲ ಅನ್ಸುತ್ತಮ್ಮ," ಎಂದ.

ಎಲ್ಲರ ಮೈಯೂ ಹಗುರಾಯಿತು. ಡಾಕ್ಟರು, "ಸರಿ, ಇನ್ನೊಂದು ದಿನ ಮಾಡೋಣ" ಎಂದು ನಿಲ್ಲಿಸಿದರು. ಸಮಿತಿಯವರು ತಲೆಯಾಡಿಸಿಕೊಂಡು, ಮುಂದೆ ನೋಡೋಣ ಎಂದು ಹೊರಟರು. ಆ ತಲೆಯಾಡಿಸುವಿಕೆಯಲ್ಲಿ ಏನಿತ್ತೆಂದು ಹುಡುಗಿಗೆ ಗೊತ್ತಾಯಿತು. ಅವಳು ಮಾಮನನ್ನು ಬೈಯಲಿಲ್ಲ. ಹೊರಗೆ ಹೋಗಿ ಮೆಟ್ಟಿಲ ಮೇಲೆ ಒಬ್ಬಳೇ ಕೂತಳು. ಮಾಮ ಒಳಗೆ ಪೈಜಾಮದ ಲಾಡಿ ಕಟ್ಟುತ್ತ, ಕಟ್ಟಲು ಬಾರದೆ, ಗಂಟಿನ ಮೇಲೆ ಗಂಟು ಹಾಕಿದ.

ಆಮೇಲಿನ ದಿನಗಳಲ್ಲಿ ಮತ್ತೆ ಮಲಗುವ ಮಾತು ಬಂದಾಗಲೆಲ್ಲ ಅವನಿಗೆ ಏನಾದರೂ ಅಡ್ಡ ಬರುತ್ತಿತ್ತು. ಒಂದು ದಿನ ಹೊಟ್ಟೆ ಸರಿಯಿಲ್ಲ, ಇನ್ನೊಂದು ದಿನ ಹೆಂಡತಿಯ ಹೊಲಿಗೆ ಯಂತ್ರ ಕೆಟ್ಟಿದೆ. ಹುಡುಗಿ ಒತ್ತಾಯ ಮಾಡಲಿಲ್ಲ. ಅವಳಿಗೆ ಬೇರೊಂದು ತಲೆನೋವು ಶುರುವಾಗಿತ್ತು. ಯಂತ್ರಕ್ಕೆ ಏನೂ ಸಿಗುತ್ತಿರಲಿಲ್ಲ.

ಮಾಮ ಅಚ್ಚು ತಂದು ಮುಂದಿಡುವನು. ಅವಳು ಪ್ರೋಬ್ ಆಡಿಸಿ, ಮುಂದೆ ಹಿಂದೆ ನೋಡಿ, ಬೆಳಕು ಹೆಚ್ಚಿಸಿ, ತಗ್ಗಿಸಿ, ಕೊನೆಗೆ ಸೋತು ಹೇಳುವಳು: "ಏನೂ ಇಲ್ಲ ಮಾಮ."

"ಸರಿಯಾಗಿ ನೋಡಿದ್ಯಾ?"

"ನೋಡಿದೆ. ಏನೂ ಇಲ್ಲ."

"ಇನ್ನೊಂದ್ಸಲ ಹೇಳಮ್ಮ."

"ಏನೂ ಇಲ್ಲ ಅಂದೆನಲ್ಲ ಮಾಮ! ಕಿವಿ ಕೇಳಲ್ವಾ? ಎಲ್ಲಿಟ್ಟಿದ್ದೀರ, ಕೊಯ್ದು ತೋರ್ಸಿ."

"ಜಾಗ ಹೇಳೋ ತನಕ ಚಾಕು ಹಾಕಬಾರ್ದು ಅಂತ ನೀನೇ ಮಾಡಿದ ಕ್ರಮ," ಎಂದು ಅವನು ಜೆಲ್ಲಿಯನ್ನು ಎತ್ತಿಕೊಂಡು ಹೋಗಿಬಿಡುವನು. ಮಾರನೆಯ ದಿನ ಹೊಸ ಅಚ್ಚು, ಮತ್ತೆ ಅದೇ ಮಾತು. ಅವಳು ಯಂತ್ರದ ಹಿಂಬದಿ ಬಿಚ್ಚಿ ತಂತಿಗಳನ್ನು ಒಂದೊಂದಾಗಿ ಎಳೆದು ನೋಡಿದಳು. ಕಣ್ಣ ಕೆಳಗೆ ಕಪ್ಪು ಕಟ್ಟಿತು. ಮಾಮ ಮಾತ್ರ ಅವಳು "ಏನೂ ಇಲ್ಲ" ಎಂದಾಗಲೆಲ್ಲ ಬಿಸಿ ಚಹಾ ಒಳಗಿಳಿದವನ ಹಾಗೆ ಕಣ್ಣು ಮುಚ್ಚುತ್ತಿದ್ದ. ಆ ಮಾತಿನ ಬಿಸಿ ಮನೆ ಮುಟ್ಟುವವರೆಗೂ ಇರುತ್ತಿತ್ತು. ಹಾಸಿಗೆಯಲ್ಲಿ ಆರುತ್ತಿತ್ತು.

ಒಂದು ಮಧ್ಯಾಹ್ನ ಮಾಮ ಕೈ ತೊಳೆದು ಬರುವಷ್ಟರಲ್ಲಿ ಹುಡುಗಿ ಮೇಜಿನ ಹತ್ತಿರ ನಿಂತಿದ್ದಳು. ಅವಳ ಕೈಯಲ್ಲಿ ಚಾಕು. ಆ ದಿನದ ಗ್ರಂಥಿಯನ್ನು ತೆಳ್ಳಗೆ ಹೋಳು ಹೋಳಾಗಿ ಕೊಯ್ದು ಬಿಳಿ ತಟ್ಟೆಯ ಮೇಲೆ ಹರಡಿದ್ದಳು. ಕಿಟಕಿಯ ಬೆಳಕು ಒಂದೊಂದು ಹೋಳಿನ ಮೂಲಕವೂ ಹಾಯ್ದು ಬರುತ್ತಿತ್ತು. ಎಲ್ಲೂ ಕಪ್ಪಿಲ್ಲ.

"ಇದರಲ್ಲಿ ನೀವು ಏನೂ ಇಟ್ಟೇ ಇಲ್ಲ," ಎಂದಳು.

ಮಾಮ ಟವಲ್ಲಿನಿಂದ ಬೆರಳು ಬೆರಳನ್ನೂ ಒರೆಸಿಕೊಂಡ.

"ನಿನ್ನೆಯದ್ರಲ್ಲೂ ಇಟ್ಟಿರ್ಲಿಲ್ಲ. ಮೊನ್ನೆಯದ್ರಲ್ಲೂ ಇಲ್ಲ. ಯಂತ್ರ ಕೆಟ್ಟಿದೆ ಅಂತ ನಾನು ಹುಚ್ಚಿ ಥರ ಬಿಚ್ಚಿ ಕೂತ್ಕೊಂಡೆ. ಯಾಕೆ ಮಾಮ? ನನ್ನ ಮೇಲೆ ಸಿಟ್ಟಾ?"

"ನಿನ್ನ ಮೇಲೆ ನಂಗ್ಯಾಕಮ್ಮ ಸಿಟ್ಟು."

"ಮತ್ತೆ?"

"ನೀನು ಏನೂ ಇಲ್ಲ ಅನ್ನೋದು ಕೇಳ್ಬೇಕು ಅನ್ನಿಸ್ತಿತ್ತು."

ಹುಡುಗಿ ಅವನ ಮುಖವನ್ನೇ ನೋಡಿದಳು. ಚಾಕುವನ್ನು ಮೆಲ್ಲಗೆ ತಟ್ಟೆಯ ಪಕ್ಕ ಇಟ್ಟಳು. ಆಮೇಲೆ ಯಂತ್ರದ ಹತ್ತಿರ ಹೋಗಿ ಸಮಿತಿ ಬಂದ ದಿನದ ಚಿತ್ರಗಳನ್ನು ತೆರೆದಳು. ಒಂದು, ಇನ್ನೊಂದು, ಮತ್ತೊಂದು. ಮಸಿ ಗಾಜಿನ ಮೇಲಿದ್ದರೆ ಪ್ರೋಬ್ ಎತ್ತ ತಿರುಗಿದರೂ ಚುಕ್ಕೆ ಕೂತಲ್ಲೇ ಕೂತಿರಬೇಕು. ಇದು ಹಾಗಿರಲಿಲ್ಲ. ಪ್ರೋಬ್ ಒಂದು ಕಡೆಗೆ ತಿರುಗಿದಾಗ ಬಂದು, ದಾಟಿದಾಗ ಹೋಗುತ್ತಿತ್ತು. ಇಷ್ಟು ದಿನ ಅವಳು ಆ ಚಿತ್ರಗಳನ್ನು ತಿರುಗಿಯೂ ನೋಡಿರಲಿಲ್ಲ. ಮಸಿಯ ಚಿತ್ರವನ್ನು ಯಾರು ನೋಡುತ್ತಾರೆ?

"ಮಾಮ," ಎಂದಳು, ಬೆನ್ನು ತಿರುಗಿಸಿಕೊಂಡೇ. "ಅವತ್ತು ತೊಳೆದಿದ್ರಾ?"

ಹೊರಗೆ ಯಾರೋ ಗಾಲಿಕುರ್ಚಿ ತಳ್ಳಿಕೊಂಡು ಹೋದರು. ಒಂದು ಗಾಲಿ ಕಿರ್ರೆನ್ನುತ್ತಿತ್ತು. ಅದು ದೂರವಾಗುವವರೆಗೆ ಮಾಮ ಕಾದ.

"ತೊಳೆದಿದ್ದೆ ಕಣಮ್ಮ. ಬಿಸಿನೀರಲ್ಲೂ ತೊಳೆದೆ, ಸ್ಪಿರಿಟ್ಟಲ್ಲೂ ತೊಳೆದೆ. ಬೆಳಕಿಗೂ ಹಿಡಿದು ನೋಡಿದ್ದೆ."

ಅವಳು ತಿರುಗಿದಳು. ಅವಳ ಮುಖದಲ್ಲಿ ಏನೋ ಹೊಳೆಯಿತು. ಯಂತ್ರ ಸುಳ್ಳು ಹೇಳಿರಲಿಲ್ಲ. ಇಷ್ಟು ವರ್ಷ ಜೆಲ್ಲಿಯಲ್ಲಿ ಹುಡುಕಿದ್ದನ್ನು ಅದು ಮೊದಲ ಸಲ ಮನುಷ್ಯನೊಳಗೆ ಕಂಡಿತ್ತು. ಮರುಕ್ಷಣವೇ ಆ ಹೊಳಪು ತನಗೆ ತಾನೇ ನಾಚಿ ಆರಿತು. ಅವಳು ಬಾಯಿಗೆ ಕೈ ಅಡ್ಡ ಹಿಡಿದು ಸ್ಟೂಲಿನ ಮೇಲೆ ಕುಸಿದಳು.

"ಅಳಬೇಡಮ್ಮ," ಎಂದ ಮಾಮ. "ನಿನ್ನ ಯಂತ್ರ ಸರಿಯಾಗೇ ಇದೆ."

ಡಾಕ್ಟರು ಚಿತ್ರಗಳನ್ನು ಮೂಗು ತಾಗುವಷ್ಟು ಹತ್ತಿರದಿಂದ ನೋಡಿದರು. ಅವರು ದೊಡ್ಡ ದನಿಯ ಮನುಷ್ಯ. ಆ ದಿನ ದನಿ ತಗ್ಗಿಸಿದ್ದರು. ದನಿ ತಗ್ಗಿದ್ದೇ ಮಾಮನಿಗೆ ಭಯ ಹುಟ್ಟಿಸಿತು.

"ಈ ಚಿತ್ರ ನೋಡಿ ನಾನು ಕ್ಯಾನ್ಸರ್ ಅಂತ ಹೇಳಕ್ಕಾಗಲ್ಲ. ಉರಿಯೂತ ಇದ್ರೂ ರಕ್ತ ಹೀಗೇ ಸೇರುತ್ತೆ. ಯಂತ್ರ ಜಾಗ ತೋರಿಸುತ್ತೆ, ಅಷ್ಟೇ. ಅದೇನು ಅಂತ ಹೇಳೋದು ಸೂಜಿ. ಇವತ್ತು ರಕ್ತ ಕೊಟ್ಟು ಹೋಗಿ. ರಾತ್ರಿ ಎದ್ದೇಳೋದು ಎಷ್ಟು ದಿನದಿಂದ?"

"ಎದ್ದೇಳ್ತೀನಿ ಅಂತ ಯಾರು ಹೇಳಿದ್ರು ಸಾರ್?"

"ನಿಮ್ಮ ಕಣ್ಣು ಹೇಳ್ತಿದೆ."

ಮಾಮ ತಲೆ ತಗ್ಗಿಸಿದ. "ನಮ್ಮಣ್ಣನಿಗೂ ಸೂಜಿ ಹಾಕಿದ್ರು ಸಾರ್. ಏನೂ ಇಲ್ಲ ಅಂದ್ರು."

"ಅವರಿಗೆ ಎಲ್ಲಿ ಹಾಕಬೇಕು ಅಂತ ಗೊತ್ತಿಲ್ದೆ ಹಾಕಿರ್ತಾರೆ. ನಿಮಗೆ ಜಾಗ ಗೊತ್ತಿದೆ."

ಅದು ಧೈರ್ಯ ಹೇಳಲೆಂದೇ ಆಡಿದ ಮಾತು. ಆದರೆ ಮಾಮನಿಗೆ ಅದು ಬೇರೆಯಾಗಿ ಕೇಳಿಸಿತು. ಅಣ್ಣನಿಗೆ ಕಡೇಪಕ್ಷ ಕೇಕು ಹಂಚುವ ಒಂದು ದಿನ ಸಿಕ್ಕಿತ್ತು. ತನಗೆ ಸಿಗುವುದು ಏನಿದ್ದರೂ ನಿಜವೇ.

"ನಾಳೆ ಬೆಳಿಗ್ಗೆ ಬನ್ನಿ, ಮಾತಾಡೋಣ. ಮನೆಯಿಂದ ಯಾರನ್ನಾದ್ರೂ ಕರ್ಕೊಂಡು ಬನ್ನಿ," ಎಂದರು ಡಾಕ್ಟರು. "ಒಬ್ರೇ ಬರಬೇಡಿ."

ಒಬ್ಬರೇ ಬರಬೇಡಿ ಎಂದು ಅಣ್ಣನಿಗೂ ಹೇಳಿದ್ದರು, ಕೊನೆಯ ಸಲ.

ಅವನು ಮನೆಗೆ ಬಂದಾಗ ಹೆಂಡತಿ ತಾರಸಿಯ ಮೇಲೆ ಬಟ್ಟೆ ಒಣಹಾಕುತ್ತಿದ್ದಳು. ಬಿಸಿಲು ಇಳಿಯುತ್ತಿತ್ತು. ಹೊದಿಕೆಯೊಂದನ್ನು ಹಿಂಡಿ, ಕೊಡವಿ, ಹಗ್ಗದ ಮೇಲೆ ಎಳೆದಳು. ಅವಳ ನೆರಳು ಬಟ್ಟೆಯ ಮೇಲೆ ಬಿತ್ತು, ಮುಖ ಕಾಣಿಸಲಿಲ್ಲ. ಮಾಮನಿಗೆ ಅದೇ ಅನುಕೂಲವೆನಿಸಿತು.

"ಇಷ್ಟು ಬೇಗ ಬಂದ್ರಿ? ಕೆಲಸದಿಂದ ಓಡಿಸಿದ್ರಾ?" ಎಂದಿತು ಬಟ್ಟೆಯ ಆಚೆಯ ದನಿ.

"ಹ್ಞೂಂ. ಹೆಂಡತಿ ಕೈಯಡುಗೆ ತಿಂದು ಸಣ್ಣಗಾಗಿದ್ದೀಯ, ಮನೆಗೆ ಹೋಗು ಅಂದ್ರು."

"ಅಲ್ಲಿ ದಿನಾ ಜೆಲ್ಲಿ ಕಾಯಿಸ್ತೀರಲ್ಲ, ಅದನ್ನೇ ತಿನ್ನಿ." ಕ್ಲಿಪ್ಪು ಸಿಕ್ಕಿಸುವ ಸದ್ದು. "ಏನು, ಮಾತೇ ಇಲ್ಲ?"

"ನಾಳೆ ಬೆಳಿಗ್ಗೆ ನಿಂಗೆ ಹೊಲಿಗೆ ಜಾಸ್ತಿ ಇದೆಯಾ?"

"ಯಾಕೆ?"

"ನನ್ನ ಜತೆ ಆಸ್ಪತ್ರೆಗೆ ಬರ್ಬೇಕಿತ್ತು. ಸುಮ್ನೆ. ಡಾಕ್ಟರು ಮನೆಯವರ ಹತ್ರ ಏನೋ ಮಾತಾಡ್ಬೇಕಂತೆ."

ಆಚೆಯ ನೆರಳು ಅಲ್ಲಾಡಲಿಲ್ಲ. ಹೊದಿಕೆಯ ಅಂಚಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಅವಳು ಬಟ್ಟೆ ಸರಿಸಿ ಈ ಕಡೆ ಬಂದರೆ ಏನು ಮಾಡುವುದೆಂದು ಅವನು ಯೋಚಿಸಿರಲಿಲ್ಲ.

"ಏನಂತ ರೀ?" ಅವಳ ದನಿಯಲ್ಲಿ ಈಗ ತಮಾಷೆಯಿರಲಿಲ್ಲ. "ನನ್ನ ಆಣೆ, ನಿಜ ಹೇಳಿ. ಏನು ಸಿಕ್ತು?"

"ಇನ್ನೂ ಏನೂ ಅಂತ ಹೇಳಿಲ್ಲ ಕಣೆ. ಒಂದು ಕಡೆ ಸ್ವಲ್ಪ ಜಾಸ್ತಿ ಹೊಳೀತಿದೆಯಂತೆ, ಅಷ್ಟೇ. ಎಡಗಡೆ, ಒಳಗೆ. ಅದಕ್ಕೆ ಒಂದು ಸೂಜಿ ಹಾಕಿ ನೋಡ್ತಾರಂತೆ. ಅಣ್ಣನಿಗೆ ಹಾಕಿದ್ರಲ್ಲ ಹಾಗಲ್ಲ, ಇದಕ್ಕೆ ಜಾಗ ಗೊತ್ತಿದೆ. ನೀನು ಬಂದ್ರೆ ಸಾಕು, ಏನೂ ಮಾತಾಡ್ಬೇಡ. ನಾನೇ ಎಲ್ಲ ಕೇಳ್ತೀನಿ. ಒಂದು ವೇಳೆ ಅವರು..."

ಹೊದಿಕೆ ಸರಿಯತೊಡಗಿತು. ಅವಳ ಒದ್ದೆ ಬೆರಳುಗಳು ಅದರ ಅಂಚನ್ನು ಹಿಡಿದದ್ದು ಕಂಡಿತು. ಮಾಮ ಕೆಳಗಿಳಿಯುವ ಮೆಟ್ಟಿಲಿನ ಕಡೆ ತಿರುಗಿ, "ಅವರು ಏನೇ ಅಂದ್ರೂ ನೀನು ಮಾತ್ರ ನನ್ನ ಮುಂದೆ ಏನೂ ಇಲ್ಲ ಅನ್ಬೇಕು" ಎನ್ನುತ್ತಲೇ ಇಳಿದು ಹೊರಟ.